ಮೂಡಣ ಗೇಟಿನ ಐನೂರನೆಯ ಸಂದರ್ಶಕ

ಶಾಂತಮಲ್ಲಪ್ಪನವರು ಯಂತ್ರಕ್ಕೆ ಹೊದಿಸಿದ್ದ ಪಂಚೆಯನ್ನು ಸರಕ್ಕನೆ ಎಳೆದರು. ಕೆಳಗೆ ಅಲ್ಯೂಮಿನಿಯಂ ಹೊಟ್ಟೆ, ಪಕ್ಕದಲ್ಲಿ ಮೂರು ತಾಮ್ರದ ಕೊಳವೆ, ನೆತ್ತಿಯ ಮೇಲೆ ಹಳೆಯ ಧ್ವನಿವರ್ಧಕದ ಕಹಳೆ, ಎದೆಯಲ್ಲಿ ಸೊನ್ನೆಯಿಂದ ಹತ್ತರವರೆಗೆ ತಿರುಗುವ ಮುಳ್ಳು.

“ಸೆಳೆಯಂತ್ರ,” ಎಂದರು.

“ನನ್ನ ಇಡ್ಲಿ ಪಾತ್ರೆ,” ಎಂದಳು ಹೆಂಡತಿ ಗುರುಸಿದ್ದಮ್ಮ.

“ಇಡ್ಲಿಗಿಂತ ದೊಡ್ಡ ಕೆಲಸಕ್ಕೆ ಹೋಗ್ಯದೆ ಅದು. ಇವತ್ತು ನಿನ್ನ ಗೇಟು ಉಳೀಬೇಕಾ, ಬ್ಯಾಡ್ವಾ?”

ಗೇಟು ಉಳಿಯಲೇಬೇಕಿತ್ತು.

ಕೆಂಚನಕಾಡು ರಾಷ್ಟ್ರೀಯ ಉದ್ಯಾನಕ್ಕೆ ಎರಡು ಗೇಟು. ಕಾಡು ಒಂದೇ, ಹುಲಿಗಳೂ ಅವೇ. ನಡುವೆ ಎಂಟು ಕಿಲೋಮೀಟರು ಡಾಂಬರು ರಸ್ತೆ. ಮೂಡಣ ಗೇಟಿನ ರಿಜಿಸ್ಟರು ಗುರುಸಿದ್ದಮ್ಮನ ಕೈಯಲ್ಲಿ, ಪಡುವಣ ಗೇಟಿನದು ಅವಳ ಒಡಹುಟ್ಟಿದ ತಂಗಿ ಚಿಕ್ಕತಾಯಮ್ಮನ ಕೈಯಲ್ಲಿ. ಹನ್ನೊಂದು ವರ್ಷದ ಹಿಂದೆ ಒಂದು ಹುಲಿ ಪಡುವಣ ಗೇಟಿನ ಹತ್ತಿರ ಕೆರೆಗೆ ನೀರು ಕುಡಿಯಲು ಬಂದದ್ದೇ ಬಂದದ್ದು, ನಾಡಿನ ಜನವೆಲ್ಲ ಆ ಕಡೆಗೇ ವಾಲಿತು. ಹುಲಿ ಆಮೇಲೆ ನೀರು ಕುಡಿಯಲು ಬೇರೆ ಕಡೆ ಹೋಯಿತು. ಜನ ಹೋಗಲಿಲ್ಲ.

ದಿನವೂ ಸಂಜೆ ಆರಕ್ಕೆ ಎರಡು ಗೇಟಿನವರೂ ಫೋನಿನಲ್ಲಿ ಲೆಕ್ಕ ಒಪ್ಪಿಸಿಕೊಳ್ಳುವುದು ವಾಡಿಕೆ.

“ಅಕ್ಕಾ, ನಮ್ದು ಆರ್ನೂರ ಹನ್ನೆರಡು. ನಿಮ್ದು ಹೇಳು.”

“ಎಂಬತ್ತೊಂದು.”

“ಅಷ್ಟಾದ್ರೂ ಬಂದ್ರಲ್ಲ, ಬುಡು.”

ಆ ‘ಬುಡು’ ಇದೆಯಲ್ಲ, ಅದು ಗುರುಸಿದ್ದಮ್ಮನ ಎದೆಗೆ ಇಳಿದು ಬೆಳಗಿನವರೆಗೂ ಅಲ್ಲೇ ಕೂತಿರುತ್ತಿತ್ತು. ಹಾಗೆಂದು ಅವಳು ಕೆಟ್ಟವಳಲ್ಲ. ಬೆಳಗ್ಗೆ ಮಾದಪ್ಪನ ಪಟಕ್ಕೆ ದೀಪ ಹಚ್ಚಿ, “ಚಿಕ್ಕತಾಯಿಗೂ ಒಳ್ಳೇದು ಮಾಡಪ್ಪಾ,” ಎಂದೇ ಬೇಡುತ್ತಿದ್ದಳು. “ನಮಗಿಂತ ಒಂದ್ ತಲೆ ಕಮ್ಮಿ ಮಾಡು,” ಎಂಬುದನ್ನು ಮಾತ್ರ ಗಂಟೆ ಬಾರಿಸುವಾಗ ಸೇರಿಸುತ್ತಿದ್ದಳು.

ಈಗ ಇಲಾಖೆಯಿಂದ ಕಾಗದ ಬಂದಿತ್ತು. ಬೇಸಿಗೆ ರಜೆಯ ಕೊನೆಯ ಭಾನುವಾರ, ಅಂದರೆ ಇವತ್ತು, ಐನೂರು ಸಂದರ್ಶಕರು ದಾಟದ ಗೇಟನ್ನು ಮುಚ್ಚಲಾಗುವುದು. ಅಲ್ಲಿನವರನ್ನು ಇನ್ನೊಂದು ಗೇಟಿಗೆ ಸಹಾಯಕರನ್ನಾಗಿ ಕಳಿಸಲಾಗುವುದು. ಎಂದರೆ ಚಿಕ್ಕತಾಯಮ್ಮ ಕುರ್ಚಿಯಲ್ಲಿ, ಅಕ್ಕ ಪಕ್ಕದ ಸ್ಟೂಲಿನಲ್ಲಿ.

ಶಾಂತಮಲ್ಲಪ್ಪನವರು ಇಲಾಖೆಯ ವೈರ್‌ಲೆಸ್ ರಿಪೇರಿ ಮಾಡಿ ನಿವೃತ್ತರಾದವರು. ಎರಡೂ ಗೇಟಿನ ಹನ್ನೊಂದು ವರ್ಷದ ರಿಜಿಸ್ಟರು ಓದಿ ಒಂದು ಸತ್ಯ ಕಂಡುಹಿಡಿದಿದ್ದರು. “ಜನ ಹುಲಿ ನೋಡಕ್ಕೆ ಬರಲ್ಲ ಕಣೆ. ಇನ್ನೊಬ್ರು ನೋಡುದ್ರು, ತಾವು ನೋಡ್ಲಿಲ್ಲ ಅನ್ನೋ ಸಂಕಟಕ್ಕೆ ಬತ್ತರೆ. ಆ ಸಂಕಟನ ಗಾಳಿಗೆ ಬುಟ್ರೆ ಆಯ್ತು.”

“ಅಷ್ಟೊಂದ್ ಸಂಕಟ ಎಲ್ಲಿಂದ ತಂದ್ರಿ?”

ಅವರು ಮೆಲ್ಲಗೆ ಗೇಟಿನ ಫೋನಿನ ಕಡೆ ನೋಡಿದರು. ಅಲ್ಲಿಂದ ಒಂದು ತಂತಿ ಯಂತ್ರದ ಹೊಟ್ಟೆಗೆ ಹೋಗಿತ್ತು. “ಮೂರು ತಿಂಗಳಿಂದ ಫೋನು ಇಟ್ಟ ಮೇಲೆ ನೀನು ಬುಡೋ ಉಸಿರು… ಹಿಡಿದಿಟ್ಟೆ. ಇಷ್ಟು ಶುದ್ಧವಾದ ಮಾಲು ಸಿಕ್ಕಲ್ಲ.”

ಗುರುಸಿದ್ದಮ್ಮನಿಗೆ ಸಿಟ್ಟು ಬರುವಷ್ಟರಲ್ಲಿ ಅವರು ಎರಡು ಲೋಟಕ್ಕೆ ಒಂದೇ ಪಾತ್ರೆಯಿಂದ ಟೀ ಬಗ್ಗಿಸಿ ಮುಳ್ಳನ್ನು ಒಂದಕ್ಕೆ ತಿರುಗಿಸಿದರು. ಯಂತ್ರ ಉಶ್ಶೆಂದಿತು. ಗುರುಸಿದ್ದಮ್ಮನ ಕಣ್ಣಿಗೆ ಗಂಡನ ಲೋಟ ತುಂಬಿದಂತೆ, ತನ್ನದು ತಳ ಕಂಡಂತೆ ಕಾಣಿಸಿತು. ಬದಲಾಯಿಸಿಕೊಂಡಳು. ಕೊಟ್ಟ ಮೇಲೆ ಕೊಟ್ಟದ್ದೇ ಚೆನ್ನಾಗಿತ್ತು ಅನ್ನಿಸಿತು. ಅವರಿಗೂ ಹಾಗೇ ಅನ್ನಿಸಿತು. ಏಳು ಸಲ ಬದಲಾಯಿಸುವಷ್ಟರಲ್ಲಿ ಎರಡೂ ಲೋಟ ತಣ್ಣಗಾಗಿದ್ದವು.

“ನೋಡುದ್ಯಾ?” ಎಂದು ಅವರು ಹಿಗ್ಗಿದರು. ತಣ್ಣಗಾದ ಟೀ ಏನು ಹೇಳುತ್ತಿದೆಯೆಂದು ಇಬ್ಬರಿಗೂ ಹೊಳೆಯಲಿಲ್ಲ. ಕಹಳೆಯನ್ನು ಪಡುವಣಕ್ಕೆ ತಿರುಗಿಸಿ ಮುಳ್ಳನ್ನು ಹತ್ತಕ್ಕೆ ಏರಿಸಿದರು.

ಬೆಳಗ್ಗೆ ಏಳೂವರೆಗೆ ರಸ್ತೆಯ ತುದಿಯಲ್ಲಿ ಧೂಳೆದ್ದಿತು. ಪದ್ಯ ಹಾಡಿ ಓದುವವರು ದಂಡಯಾತ್ರೆಯ ಭಾಗಕ್ಕೆ ಬಂದಾಗ ಸೇನೆಯನ್ನು ಹೇಗೆ ಸಾಲುಸಾಲಾಗಿ ಕರೆತರುತ್ತಾರೋ ಹಾಗೆ ಬಸ್ಸು ಬಂದವು, ಜೀಪು ಬಂದವು, ಛತ್ರದಷ್ಟು ದೊಡ್ಡ ವ್ಯಾನುಗಳು ಬಂದವು. ಗುರುಸಿದ್ದಮ್ಮ ಬರೆದಳು, ಬರೆದಳು. ಬಳೆ ಮೇಲಕ್ಕೆ ಸರಿಸಿಕೊಂಡು ಬರೆದಳು. ಮುನ್ನೂರ ಹನ್ನೆರಡು ಮಂದಿ ಗೇಟಿನ ಅಡ್ಡಕಂಬಿ ದಾಟಿದರು.

ಮುನ್ನೂರ ಹನ್ನೆರಡನೆಯವಳು ಹಾಸನದ ಒಬ್ಬ ಅಜ್ಜಿ. ಕಂಬಿಯ ಒಳಗೆ ಕಾಲಿಟ್ಟವಳು ಹಿಂತಿರುಗಿ ನೋಡಿ, “ಆ ಗೇಟೇ ವಾಸಿಯಿತ್ತು ಕಣ್ರೋ,” ಎಂದಳು.

ಅಷ್ಟೇ. ದಂಡು ಹಿಂದಕ್ಕೆ ಹೊರಳಿತು. ಹೊರಡುವ ಮುಂಚೆ ರಿಜಿಸ್ಟರಿನ ಕೊನೆಯ ಕಾಲಂ, ‘ಕಂಡದ್ದು’, ತುಂಬಬೇಕು. ಖಾಲಿ ಬಿಟ್ಟರೆ ಆ ಸಾಲು ಎಣಿಕೆಗೆ ಬರುವುದಿಲ್ಲ. ಮುನ್ನೂರ ಹನ್ನೆರಡು ಮಂದಿಯೂ ಒಬ್ಬರ ಹಿಂದೊಬ್ಬರು ಬರೆದರು: ‘ಆ ಕಡೆಯೇ ಚೆನ್ನಾಗಿತ್ತು.’

ಫೋನು ಬಡಿದುಕೊಂಡಿತು. “ಅಕ್ಕಾ, ಏನ್ ಮಾಡುದ್ರಿ ಅಲ್ಲಿ? ಟಿಕೆಟ್ ತಕ್ಕೊಳೋರು ಓಡೋದ್ರು. ಈಗ ವಾಪಸ್ ಬಂದ್ರು. ಬಂದವ್ರು ಕಂಬಿ ತಾವ ನಿಂತು ನಿಮ್ಮನ್ನೇ ಹೊಗಳ್ತಾವ್ರೆ… ಅಯ್ಯೋ, ಹೊಂಟ್ರು ಕಣಕ್ಕ, ಪುನಾ ಹೊಂಟ್ರು.”

ಹತ್ತು ಗಂಟೆಯೊಳಗೆ ದಂಡು ನಾಲ್ಕು ಸಲ ಹೋಗಿ ಬಂದಿತ್ತು. ನಡುದಾರಿಯಲ್ಲಿ ಎದುರಾದ ಬಸ್ಸುಗಳು ಒಂದನ್ನೊಂದು ನೋಡಿ ಅಲ್ಲೇ ತಿರುಗಿಕೊಳ್ಳುತ್ತಿದ್ದವು. ಬಂದವರೇ ಮತ್ತೆ ಬಂದರೆ ಆ ದಿನ ಎರಡನೆಯ ಸಲ ಬರೆಯುವಂತಿಲ್ಲ. ರಿಜಿಸ್ಟರು ಮುನ್ನೂರ ಹನ್ನೆರಡಕ್ಕೆ ಅಂಟಿಕೊಂಡಿತು.

“ನಿಲ್ಸಿ ಅದನ್ನ,” ಎಂದಳು ಗುರುಸಿದ್ದಮ್ಮ.

ಶಾಂತಮಲ್ಲಪ್ಪನವರು ಮುಳ್ಳು ತಿರುಗಿಸಿದರು. ಅದು ತಾನಾಗಿ ಹತ್ತಕ್ಕೆ ಮರಳಿತು. “ಇದು ಕರೆಂಟಲ್ಲಿ ಓಡಲ್ಲ ಕಣೆ. ನಿನ್ನಲ್ಲಿ ಓಡ್ತದೆ. ಒಂದ್ ಗಳಿಗೆ ತಂಗಿ ಮ್ಯಾಲೆ ಹೊಟ್ಟೆಕಿಚ್ಚು ಬುಡು.”

ಗುರುಸಿದ್ದಮ್ಮ ಕಣ್ಣು ಮುಚ್ಚಿ ಮಾದಪ್ಪನನ್ನು ನೆನೆದಳು. ಮಾದಪ್ಪನ ಪಕ್ಕದಲ್ಲಿ ಚಿಕ್ಕತಾಯಮ್ಮ ಕುರ್ಚಿ ಹಾಕಿಕೊಂಡು ಕೂತಿದ್ದಳು. ಯಂತ್ರ ಇನ್ನೂ ಜೋರಾಗಿ ಉಶ್ಶೆಂದಿತು.

ಕಹಳೆಯ ಹಿಂಭಾಗ ತೆರೆದೇ ಇತ್ತು, ಅದು ಕಾಡಿನ ಕಡೆಗಿತ್ತು. ಮೊದಲು ಮುಸುವ ಕೋತಿಗಳು ಮರ ಬದಲಾಯಿಸತೊಡಗಿದವು. ಆಮೇಲೆ ಜಿಂಕೆಗಳು ಬಾಯಲ್ಲಿದ್ದ ಹುಲ್ಲನ್ನು ಉಗುಳಿ ರಸ್ತೆಯತ್ತ ಕತ್ತೆತ್ತಿದವು. ಒಳಗಿನವರಿಗೆ ಹೊರಗೇ ಚೆನ್ನಾಗಿದೆ ಅನ್ನಿಸಿತ್ತು. ಗೇಟಿನತ್ತ ಹೊರಟೇಬಿಟ್ಟವು.

ಐದನೆಯ ಸುತ್ತು ಮುಗಿಸಿ ಬಂದ ವಾಹನಗಳೆಲ್ಲ ಗಾಜು ಏರಿಸಿಕೊಂಡು ಸ್ತಬ್ಧವಾದವು. ಗುರುಸಿದ್ದಮ್ಮ ಕಿಟಕಿಯ ಹಿಂದೆ ಮುದುರಿದಳು. ಪಕ್ಕದಲ್ಲಿ ಮುದುರಿದ್ದ ಗಂಡ ಪಿಸುಗುಟ್ಟಿದರು: “ಬರ್ಕೋ.”

“ಏನ?”

“ನಿಯಮದಲ್ಲಿ ಗೇಟು ದಾಟಿದ ಸಂದರ್ಶಕರು ಅಂತ ಅದೆ. ಯಾವ್ ಕಡೆಯಿಂದ ಅಂತ ಇಲ್ಲ. ಎಷ್ಟು ಕಾಲು ಅಂತಾನೂ ಇಲ್ಲ.”

ಜಿಂಕೆ ನೂರ ನಲವತ್ತು. ಕಾಡುಕೋಣ ಹತ್ತೊಂಬತ್ತು. ಆನೆ, ಮರಿಗಳೂ ಸೇರಿ, ಇಪ್ಪತ್ತಮೂರು. ಹಂದಿ ಐದು. ಎಲ್ಲವೂ ವಾಹನಗಳ ಸುತ್ತ ನಿಂತು ಒಳಗಿದ್ದವರನ್ನು ನೋಡತೊಡಗಿದವು. ಹಾಸನದ ಅಜ್ಜಿಯನ್ನು ಒಂದು ಆನೆ ಬಹಳ ಹೊತ್ತು ನೋಡಿತು.

ಸಂಜೆಯಾಯಿತು. ಮತ್ತಾವ ಪ್ರಾಣಿಯೂ ಬರಲಿಲ್ಲ. ನಾನೂರ ತೊಂಬತ್ತೊಂಬತ್ತು.

ಆರಕ್ಕೆ ಐದು ನಿಮಿಷವಿರುವಾಗ ಹುಲಿ ಬಂದಿತು. ಕಂಬಿಯ ಹತ್ತಿರ ನಿಂತಿತು. ಒಂದು ಕಾಲು ಮುಂದಿಟ್ಟು ಪಡುವಣದ ಕಡೆ ನೋಡಿತು. ಕಾಲು ಹಿಂದಕ್ಕೆ ತೆಗೆದುಕೊಂಡಿತು. ಮತ್ತೆ ಇಟ್ಟಿತು. ಮತ್ತೆ ನೋಡಿತು.

ಗುರುಸಿದ್ದಮ್ಮನಿಗೆ ಹುಲಿಯ ಭಯವಿಲ್ಲದೆ ಇರಲಿಲ್ಲ. ಆದರೆ ಆ ಸ್ಟೂಲು ಹುಲಿಗಿಂತ ಹತ್ತಿರ ಕಾಣುತ್ತಿತ್ತು. ಮೇಜಿನ ಕೆಳಗಿನಿಂದಲೇ ಕೈ ಮುಗಿದಳು. “ಬಾಪ್ಪಾ. ಮಾದಪ್ಪನ್ನ ಹೊರೋ ವಾಹನ ನೀನು. ಒಂದೇ ಒಂದ್ ಹೆಜ್ಜೆ. ದಾಟ್ಬುಡು ನನ್ನಪ್ಪಾ.”

ಹುಲಿ ನಿಟ್ಟುಸಿರಿಟ್ಟು ದಾಟಿತು.

ಫೋನು ಬಡಿಯಿತು. ಅವಳು ಕೈ ಚಾಚಿ ಎತ್ತಿಕೊಂಡಳು.

“ಅಕ್ಕಾ,” ಎಂದಳು ಚಿಕ್ಕತಾಯಮ್ಮ, ದನಿಯಲ್ಲಿ ಬಲವಿರಲಿಲ್ಲ. “ಕಂಬಿ ತಾವ ಬಂದವ್ರು ಒಬ್ರೂ ದಾಟ್ಲಿಲ್ಲ. ನಮ್ದು ಸೊನ್ನೆ. ನಿಮ್ದು ಹೇಳು.”

“ಐನೂರು.”

ಹನ್ನೊಂದು ವರ್ಷದಲ್ಲಿ ಮೊದಲ ಸಲ ಗುರುಸಿದ್ದಮ್ಮನ ಎದೆಯಲ್ಲಿ ಯಾರೂ ಕೂತಿರಲಿಲ್ಲ. ಯಂತ್ರದ ಮುಳ್ಳು ತಾನಾಗಿ ಇಳಿದು ಸೊನ್ನೆಗೆ ಬಂತು. ಜಿಂಕೆಗಳು ಕಿವಿ ಕೊಡವಿದವು. ಒಂದೊಂದೇ ಪ್ರಾಣಿ ಕಾಡಿಗೆ ತಿರುಗಿತು. ಪಾಪ, ಅನ್ನಿಸಿ ಅವಳು ತಂಗಿಗೆ ಸಮಾಧಾನ ಹೇಳಿದಳು. “ನಮ್ಮ ಗೇಟಲ್ಲಿ ಒಂದ್ ಸ್ಟೂಲು ಅದೆ, ಬುಡು.”

ಅತ್ತ ಕಡೆಯಿಂದ ಒಂದು ಉಸಿರು ಬಂತು. ತಂತಿಯ ಮೂಲಕ ಬಂತು. ಮುಳ್ಳು ಸೊನ್ನೆಯಿಂದ ಹತ್ತಕ್ಕೆ ಹಾರಿ, ಹತ್ತನ್ನೂ ದಾಟಿ, ಕಿತ್ತುಕೊಂಡು ಹೊರಗೆ ಬಿತ್ತು. ಶಾಂತಮಲ್ಲಪ್ಪನವರು ತಂತಿಯನ್ನು ಹಲ್ಲಿನಿಂದ ಕಡಿದರು.

ಎಲ್ಲ ತಣ್ಣಗಾದ ಮೇಲೆ ಗುರುಸಿದ್ದಮ್ಮ ರಿಜಿಸ್ಟರು ಬಿಡಿಸಿಕೊಂಡಳು. ಕೊನೆಯ ನೂರ ಎಂಬತ್ತೆಂಟು ಸಂದರ್ಶಕರು ‘ಕಂಡದ್ದು’ ತುಂಬದೆ ಹೋಗಿದ್ದರು. ಅವರ ಪರವಾಗಿ ಅವಳೇ ತುಂಬಿದಳು: ಮನುಷ್ಯರು, ಮನುಷ್ಯರು, ಮನುಷ್ಯರು. ಐನೂರನೆಯ ಸಾಲಿಗೆ ಬಂದಾಗ ಪೆನ್ನು ನಿಂತಿತು. ದೇವರಿಗೆ ಹೆದರಿದವಳು, ಸುಳ್ಳು ಬರೆಯಲಾರಳು. ಹುಲಿ ನಿಂತಷ್ಟು ಹೊತ್ತೂ ಅದರ ಕಣ್ಣು ಯಾವ ಕಡೆಗಿತ್ತು ಎಂಬುದನ್ನು ಅವಳು ನೋಡಿದ್ದಳು.

ತುಸು ಹೊತ್ತು ಯೋಚಿಸಿ ಬರೆದಳು: ‘ಮನುಷ್ಯರು, ಸಾಧಾರಣ. ಪಡುವಣ ಗೇಟಿನಲ್ಲಿ ಇನ್ನೂ ಚೆನ್ನಾಗಿರುತ್ತಾರಂತೆ.’