ಕುದುರೆಯ ಹಿಂದೆ ನಿಲ್ಲಬಾರದು

ಮನುಷ್ಯನನ್ನು ಅಳೆಯಲು ನನಗೆ ಒಂದು ಕಪ್ ಚಹಾ ಸಾಕು ಎಂದು ಬಹಳ ಕಾಲದಿಂದ ನಂಬಿದ್ದೆ. ಚಹಾ ಆರುವುದರೊಳಗೆ ಎದುರು ಕೂತವನ ಸಿಟ್ಟು, ಸೆಡವು, ಜಿಪುಣತನ ಎಲ್ಲ ನನ್ನ ಕೈಗೆ ಸಿಕ್ಕುಬಿಡುತ್ತವೆ. ಸಿಂಧನೂರಿನ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಕಲಿಸುವವನು ನಾನು. ಕಾನೂನು, ನ್ಯಾಯ, ಪ್ರಜೆಯ ಕರ್ತವ್ಯ ಇವೆಲ್ಲ ನನ್ನ ನಾಲಿಗೆಯ ಮೇಲೇ ಇರುತ್ತವೆ. ಹೀಗಾಗಿ ನನ್ನ ನಾದಿನಿ ಪೂರ್ಣಿಮಾಳ ಮದುವೆಯ ಮಾತು ಒಂದು ಕಡೆ ಸಿಕ್ಕಿಹಾಕಿಕೊಂಡಾಗ, ಮಸ್ಕಿಯಲ್ಲಿರುವ ನಮ್ಮ ಮಾವನವರು ಬಿಡಿಸುವ ಹೊಣೆಯನ್ನು ನನಗೇ ಒಪ್ಪಿಸಿದರು.

ಹುಡುಗ ಲಿಂಗಸುಗೂರಿನವನು. ಹೆಸರು ಆನಂದ. ಗುರುಗುಂಟಾದ ಪಶು ಆಸ್ಪತ್ರೆಯಲ್ಲಿ ಡಾಕ್ಟರ್. ನೋಡಲು ಲಕ್ಷಣವಂತ, ಚಟಗಳಿಲ್ಲ. ಪೂರ್ಣಿಮಾಳಿಗೂ ಮನಸ್ಸಿಗೆ ಬಂದಿದ್ದ. ಆದರೆ ಮಾವನವರಿಗೆ ಯಾರೋ ಒಂದು ಸುದ್ದಿ ಮುಟ್ಟಿಸಿದ್ದರು.

"ಅಳಿಯಂದ್ರ, ಆ ಹುಡುಗ ಮನಿಗೆ ಬಂದ ಮ್ಯಾಲ ಟಿವಿ ಮುಂದ ಕುಂತು ಕುದುರಿ ಓಡಸ್ತಾನಂತ! ಮೂವತ್ತರ ಗಂಡಸು! ಇಂಥವನ ಕೈಯಾಗ ನಮ್ಮ ಹುಡುಗೀನ ಹೆಂಗ ಕೊಡೂದು? ನೀವು ಹೋಗಿ ಒಮ್ಮೆ ಬರೋಬ್ಬರಿ ತೂಗಿ ಬರ್ರಿ. ನೀವು ಹೂಂ ಅಂದ್ರ ಹೂಂ, ಬ್ಯಾಡ ಅಂದ್ರ ಬ್ಯಾಡ."

ಒಂದು ಹೆಣ್ಣಿನ ಬಾಳು ನನ್ನ ಒಂದು ಮಾತಿನ ಮೇಲೆ ನಿಂತಿತ್ತು! ಭಾನುವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಟೆ. ಬಾಗಿಲಲ್ಲಿ ಹೆಂಡತಿ ಸುಜಾತಾ ಎಚ್ಚರಿಸಿದಳು: "ರೀ, ಅಲ್ಲಿ ಹೋಗಿ ಏನೂ ಮುಟ್ಟಬ್ಯಾಡ್ರಿ. ಸುಮ್ನ ನೋಡಿ ಬರ್ರಿ." ಮಿಕ್ಸರ್ ರಿಪೇರಿ ಮಾಡಲು ಹೋಗಿ ಇಡೀ ಓಣಿಯ ಕರೆಂಟು ತೆಗೆದ ದಿನದಿಂದ ಅವಳು ಹೀಗೇ.

ಲಿಂಗಸುಗೂರಿನಲ್ಲಿ ಆನಂದನ ತಾಯಿ ಶಾಂತಮ್ಮನವರು ನನ್ನನ್ನು ಆದರದಿಂದ ಕೂರಿಸಿದರು. ಪಡಸಾಲೆಯ ಗೋಡೆಯ ಮೇಲೆ ಧ್ಯಾನದಲ್ಲಿ ಕೂತ ಬುದ್ಧನ ದೊಡ್ಡ ಪಟ. ಅದರ ಕೆಳಗೆ ಅಷ್ಟೇ ದೊಡ್ಡ ಟಿವಿ. ಆನಂದ ಮುಚ್ಚುಮರೆ ಮಾಡಲಿಲ್ಲ.

"ಹೌದ್ರೀ ಸರ್, ವಿಡಿಯೋ ಗೇಮ್ ಆಡ್ತೀನಿ. ದಿನಾ ಕುರಿ, ಎಮ್ಮಿ ನೋಡಿ ನೋಡಿ ತಲಿ ಬಿಸಿ ಆಗಿರ್ತೈತಿ. ಜರಾ ಹೊತ್ತು ಈ ದೇಶದಾಗ ಅಡ್ಡಾಡಿ ಬಂದ್ರ ತಂಪಾಗ್ತೈತಿ" ಎಂದು ಟಿವಿ ಹಚ್ಚಿದ.

ನಾನು ಪರೀಕ್ಷಕನ ಗತ್ತಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದೆ. ಪರದೆ ಬೆಳಗಿತು. ಕಾಲು ತಾನೇ ಕೆಳಗಿಳಿಯಿತು.

ಅಮೆರಿಕದ ಹಳೆಯ ಕಾಲದ ಪಶ್ಚಿಮ ಸೀಮೆಯಂತೆ. ಕಣ್ಣು ಹಾಯುವ ತನಕ ಹುಲ್ಲುಗಾವಲು. ಅದರಾಚೆ ಹಿಮದ ಬೆಟ್ಟ. ಬೆಟ್ಟದ ಹಿಂದಿನಿಂದ ಸೂರ್ಯ ಏಳುತ್ತಿದ್ದ. ಹೊಳೆಯ ಮೇಲೆ ಮಂಜು ಹರಿದಾಡುತ್ತಿತ್ತು. ನೀರು ಕುಡಿಯುತ್ತಿದ್ದ ಜಿಂಕೆ ತಲೆ ಎತ್ತಿ ನನ್ನನ್ನೇ ನೋಡಿತು! ನಾನು ಉಸಿರು ಬಿಗಿ ಹಿಡಿದೆ, ಎಲ್ಲಿ ಓಡಿಹೋಗುತ್ತದೋ ಎಂದು. ಈ ದೇಶದೊಳಗೆ ನಾವು ಟೊಪ್ಪಿಗೆ ಹಾಕಿದ ಒಬ್ಬ ಸವಾರ. ಎತ್ತ ಬೇಕಾದರೂ ಹೋಗಬಹುದು, ಯಾರನ್ನು ಬೇಕಾದರೂ ಮಾತಾಡಿಸಬಹುದು. ಒಳ್ಳೆಯವನಾಗಬಹುದು, ಕೆಟ್ಟವನೂ ಆಗಬಹುದು. ಪಕ್ಕದಲ್ಲಿ ಬೆಳದಿಂಗಳ ಬಣ್ಣದ ಕುದುರೆ.

"ಇಕಿ ಹೆಸರು ಬೆಳ್ಳಿ" ಎಂದ ಆನಂದ. "ಆ ಹಿಮದ ಗುಡ್ಡದಾಗ ಸಿಕ್ಕಳು. ಪಳಗಸೋದ್ರಾಗ ಸಾಕುಸಾಕಾತು. ಈಗ ಸೀಟಿ ಹೊಡದ್ರ ಎಲ್ಲಿದ್ರೂ ಓಡಿ ಬರ್ತಾಳ."

ಅಷ್ಟರಲ್ಲಿ ಫೋನು ಬಂತು. ಗುರುಗುಂಟಾದಲ್ಲಿ ಒಂದು ಎಮ್ಮೆಗೆ ಹೆರಿಗೆ ಕಷ್ಟವಾಗಿದೆಯಂತೆ. ಆನಂದ ಎದ್ದು ಬೂಟು ಹಾಕಿಕೊಳ್ಳುತ್ತಲೇ ಆಟದ ಹಿಡಿಕೆಯನ್ನು ನನ್ನ ಕೈಗಿತ್ತ.

"ನಾ ಬರೂತನ ನೀವು ಅಡ್ಡಾಡ್ರಿ ಸರ್. ಹೊಸಬ್ರಿಗೆ ಹೇಳೋದು ಇಷ್ಟ. ಕುದುರಿ ಹಿಂದ ನಿಂದರಬ್ಯಾಡ್ರಿ. ಊರೊಳಗ ಬಂದೂಕು ತಗೀಬ್ಯಾಡ್ರಿ. ಯಾರಿಗರ ಡಿಕ್ಕಿ ಹೊಡದ್ರ ಮಾಫಿ ಕೇಳ್ರಿ. ಮುಖ್ಯ ಅಂದ್ರ, ಅವಸರ ಮಾಡಬ್ಯಾಡ್ರಿ." ಯಾವ ಗುಂಡಿ ಒತ್ತಿದರೆ ಏನಾಗುತ್ತದೆಂದು ತೋರಿಸಿ, ಬೈಕು ಹತ್ತಿ ಹೋದ.

ಎಂಥ ಸರಳ ಸೂಚನೆಗಳು! ಸಂವಿಧಾನವನ್ನೇ ಅರೆದು ಕುಡಿದವನಿಗೆ ಇವು ಯಾವ ಲೆಕ್ಕ? ಮೊದಲು ಬೆಳ್ಳಿಯ ಬೆನ್ನು ಸವರಿ ಪರಿಚಯ ಮಾಡಿಕೊಳ್ಳೋಣವೆಂದು ಸವಾರನನ್ನು ಮುಂದೆ ನಡೆಸಿದೆ. ಅವನು ಸುತ್ತು ಹಾಕಿ ಸರಿಯಾಗಿ ಅವಳ ಬಾಲದ ಬಳಿ ಹೋಗಿ ನಿಂತ.

ಒದೆ ಬಿತ್ತು.

ಸವಾರ ಹಾರಿ ಕೆಸರಿನಲ್ಲಿ ಬಿದ್ದ. ಸೋಫಾದ ಮೇಲಿದ್ದ ನಾನೂ ಹಿಂದಕ್ಕೆ ಬಿದ್ದೆ! ಚಹಾ ತಂದ ಶಾಂತಮ್ಮನವರು ಗಾಬರಿಯಾದರು.

"ಅಯ್ಯ! ಹಿಂದ ಯಾಕ ಹೋದ್ರಿ? ನನ್ನ ಮಗ ಹೇಳ್ಲಿಲ್ಲೇನು?"

"ಹೇಳ್ಯಾನ್ರಿ ಅಮ್ಮಾರ. ಕುದುರಿನ ತಿರುಗಿ ನಿಂತಿತ್ತು."

ಅವರು ಚಹಾ ಇಟ್ಟು, ಪರದೆಯ ಕಡೆ ನೋಡುತ್ತ ಅಲ್ಲೇ ಕೂತರು. ನಾನು ಹೇಗೋ ಕುದುರೆ ಹತ್ತಿದೆ. ಬೆಳ್ಳಿ ಓಡಿದಳು. ಹುಲ್ಲು ಎರಡೂ ಕಡೆ ಬಾಗಿತು. ಅಲ್ಲಿ ಮೋಡ ಕವಿದು ಮಳೆ ಹನಿಯಿತು. ಅವಳ ಮೈ ನೆನೆದು ಹೊಳೆಯಿತು. ಕೆಸರಿನಲ್ಲಿ ಗೊರಸಿನ ಗುರುತು ಮೂಡಿತು. ದೂರದಲ್ಲಿ ಕಾಡುಕೋಣಗಳ ಹಿಂಡೊಂದು ನಿಧಾನಕ್ಕೆ ಸರಿದುಹೋಯಿತು.

ಶಾಂತಮ್ಮನವರು ಕೇಳಿದರು: "ಇದು ಖರೇ ಊರೇನ್ರಿ?"

"ಅಲ್ರಿ ಅಮ್ಮಾರ. ಕಂಪ್ಯೂಟರಿನಾಗ ಮನುಷ್ಯಾರು ಕುಂತು ಮಾಡ್ಯಾರ."

"ಒಂದೊಂದು ಹುಲ್ಲಿನ ಕಡ್ಡೀನೂ?"

"ಒಂದೊಂದು ಹುಲ್ಲಿನ ಕಡ್ಡೀನೂ."

ಅವರು ಗಲ್ಲಕ್ಕೆ ಕೈಯಿಟ್ಟುಕೊಂಡರು. "ಇಷ್ಟು ಛಂದ ಮಾಡಿ, ಇದರಾಗ ಗುಂಡು ಯಾಕ ಹೊಡೀತಾರ?"

ಅಲ್ಲಿಗೇ ಆಟ ನಿಲ್ಲಿಸಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಆದರೆ ಎದುರಿಗೆ ಒಂದು ಊರು ಬಂತು. ಅಂಗಡಿಯ ಮುಂದೆ ಗಡ್ಡದ ಮುದುಕನೊಬ್ಬ ನಿಂತಿದ್ದ. ದೊಡ್ಡವರನ್ನು ಕಂಡರೆ ನಮಸ್ಕಾರ ಮಾಡುವುದು ನಮ್ಮ ಸಂಸ್ಕೃತಿ. ನಮಸ್ಕಾರದ ಗುಂಡಿ ಒತ್ತಿದೆ. ಅದು ಬಂದೂಕಿನ ಗುಂಡಿಯಾಗಿತ್ತು!

ಮುದುಕ ಎರಡೂ ಕೈ ಮೇಲೆತ್ತಿದ. ಹೆಂಗಸರು ಚೀರಿದರು. ಒಬ್ಬ ಸಾಕ್ಷಿದಾರ ಪೊಲೀಸರ ಕಡೆ ಓಟಕಿತ್ತ.

"ಅವನ್ನ ನಿಂದರಿಸಿ ತಿಳಿಸಿ ಹೇಳ್ರಿ ಸರ್ರ, ಗಲತಿ ಆಗೇತಿ ಅಂತ!" ಶಾಂತಮ್ಮನವರು ಸೋಫಾದ ಅಂಚಿಗೆ ಬಂದಿದ್ದರು.

ತಿಳಿಸಿ ಹೇಳಲೆಂದೇ ಬೆನ್ನಟ್ಟಿದೆ. ಕುದುರೆ ನಿಲ್ಲಿಸುವುದು ಹೇಗೆಂದು ಮರೆತುಹೋಗಿತ್ತು. ಸಾಕ್ಷಿದಾರ ಬೆಳ್ಳಿಯ ಕಾಲಡಿ ಸಿಕ್ಕ.

"ಮಾಫಿ ಕೇಳ್ರಿ! ಮಾಫಿ!"

ಮಾಫಿಯ ಗುಂಡಿ ಹುಡುಕಿ ಒತ್ತಿದೆ. ಬಂದೂಕು ಢಂ ಎಂದಿತು.

ಆಮೇಲೆ ಇಡೀ ಊರೇ ನನ್ನ ಮೇಲೆ ಬಿತ್ತು. ಸವಾರರು ಸುತ್ತುವರಿದರು, ಗುಂಡುಗಳು ಸುಂಯ್ ಎಂದು ಹಾರಿದವು. ನನ್ನನ್ನು ಹಿಡಿದುಕೊಟ್ಟವರಿಗೆ ಬಹುಮಾನವೆಂದು ಪರದೆಯ ಮೇಲೆ ಬಂತು. ಪ್ರಜೆಯ ಕರ್ತವ್ಯ ಕಲಿಸುವ ಮೇಷ್ಟ್ರು ಒಂದು ಕಪ್ ಚಹಾ ಆರುವುದರೊಳಗೆ ತಲೆಮರೆಸಿಕೊಂಡ ಆರೋಪಿ! ಮೇಲೆ ಗೋಡೆಯಲ್ಲಿ ಬುದ್ಧ ಕಣ್ಣು ಮುಚ್ಚಿಯೇ ಇದ್ದ. ಪುಣ್ಯಾತ್ಮ, ನೋಡುವ ಗೋಜಿಗೇ ಹೋಗಲಿಲ್ಲ.

"ಓಡಸ್ರಿ! ಎಡಕ್ಕ! ಎಡಕ್ಕ ರೀ! ಅಯ್ಯ, ಗಿಡ!" ಶಾಂತಮ್ಮನವರು ಎದ್ದು ನಿಂತಿದ್ದರು. ಗಿಡ ತಪ್ಪಿತು. ಬಂಡೆ ತಪ್ಪಿತು. ಬೆಳ್ಳಿಯ ಬಾಯಲ್ಲಿ ನೊರೆ ಬಂತು, ಆದರೂ ಅವಳು ನನ್ನನ್ನು ಬಿಡಲಿಲ್ಲ. ನಾನು ಒಂದೇ ಗುಂಡಿಯನ್ನು ಕುಟ್ಟುತ್ತಿದ್ದೆ. ಮುಂದೆ ಪ್ರಪಾತ ಕಂಡಿತು. ಅದರ ಕೆಳಗೆ ನದಿ, ನದಿಯ ಮೇಲೆ ಹೊನ್ನಿನಂಥ ಬಿಸಿಲು. ಎಂಥ ನೋಟ ಎಂದು ಒಂದು ಕ್ಷಣ ಬೆರಗಾದೆ.

ಆ ಒಂದು ಕ್ಷಣವೇ ಸಾಕಾಯಿತು.

ಸವಾರ ಪೊದೆಯಲ್ಲಿ ಬಿದ್ದು ಎದ್ದ. ಬೆಳ್ಳಿ ಬಂಡೆಯ ಮೇಲೆ ಬಿದ್ದು ನರಳುತ್ತಿದ್ದಳು. ಪರದೆಯ ಮೂಲೆಯಲ್ಲಿ ಎರಡು ದಾರಿ ಕಂಡವು: ಔಷಧ ಕೊಡುವುದು, ಇಲ್ಲವೇ ಅವಳ ಕಷ್ಟ ಮುಗಿಸುವುದು.

"ಔಷಧ ಕೊಡ್ರಿ! ಚೀಲದಾಗ ಇರ್ತೈತಿ! ನನ್ನ ಮಗ ಯಾವಾಗ್ಲೂ ಕೊಡ್ತಾನ!"

ಅವಸರದಿಂದ ಒತ್ತಿದೆ. ಯಾವುದನ್ನು ಒತ್ತಿದೆನೆಂದು ಮತ್ತೆ ಹೇಳಬೇಕೇ? ಪಶುವೈದ್ಯರ ಮನೆಯಲ್ಲಿ, ಬುದ್ಧನ ಪಟದ ಕೆಳಗೆ, ಹುಡುಗನ ತಾಯಿಯ ಎದುರಿಗೆ!

ಪರದೆಯ ಮೂಲೆಯಲ್ಲಿ ಸಣ್ಣದೊಂದು ಚಕ್ರ ತಿರುಗಿತು. ಆಟ ತನ್ನಷ್ಟಕ್ಕೆ ತಾನೇ ಎಲ್ಲವನ್ನೂ ಉಳಿಸಿಟ್ಟುಕೊಳ್ಳುವ ಗುರುತು ಅದು ಎಂದು ಆಮೇಲೆ ತಿಳಿಯಿತು. ಆದದ್ದೆಲ್ಲ ಅಳಿಸಿಹೋಗಲೆಂದು ನಾನು ಓಡಿಹೋಗಿ ಪ್ಲಗ್ಗನ್ನೇ ಕಿತ್ತೆ. ಮತ್ತೆ ಹಚ್ಚಿದೆ. ನಮ್ಮ ಸವಾರ ಅದೇ ಬಂಡೆಯ ಬಳಿ, ಜೀನನ್ನು ಹೆಗಲ ಮೇಲೆ ಹೊತ್ತು ನಿಂತಿದ್ದ. ಕುದುರೆಯಿಲ್ಲದ ಜೀನಿಗಿಂತ ಪೆಚ್ಚಾದ ವಸ್ತು ಲೋಕದಲ್ಲಿಲ್ಲ. ಅದನ್ನು ನೋಡುತ್ತ ಕೂತ ನನ್ನೊಬ್ಬನನ್ನು ಬಿಟ್ಟು!

"ಸರ್ರ, ಆನಂದಗ ಕುದುರಿ ತಾನ ಬಿತ್ತು ಅಂತ ಹೇಳೂಣು" ಎಂದು ಶಾಂತಮ್ಮನವರು ಪಿಸುಗುಟ್ಟಿದರು. ಪಾಪ, ಅವರೂ ನನ್ನ ಕೂಟಕ್ಕೆ ಸೇರಿಬಿಟ್ಟಿದ್ದರು.

ಮಧ್ಯಾಹ್ನ ಆನಂದ ಬಂದ. ಅಂಗಿಯ ತೋಳೆಲ್ಲ ಒದ್ದೆ, ಮುಖದ ತುಂಬ ನಗು. "ಎಮ್ಮಿ ಉಳೀತ್ರಿ ಸರ್. ಹೆಣ್ಣು ಕರ!" ಎನ್ನುತ್ತ ಟಿವಿ ಕಡೆ ತಿರುಗಿದ. ನಗು ನಿಂತಿತು.

"ಬೆಳ್ಳಿ ಎಲ್ಲೆದಾಳ?"

"ತಾನ..." ಎಂದು ಶಾಂತಮ್ಮನವರು ಶುರು ಮಾಡಿದರು. ನನ್ನಿಂದ ಆಗಲಿಲ್ಲ. "ನಾನ ಕೊಂದೆಪಾ" ಎಂದೆ. "ಮೊದಲು ಊರು ಕೆಡಿಸಿದೆ. ಆಮ್ಯಾಲ ಬೆಳ್ಳೀನ ಕೆಳಗ ಕೆಡವಿದೆ. ಔಷಧ ಕೊಡಾಕ ಹೋಗಿ ಗುಂಡು ಹೊಡದೆ."

ಅವನು ಬಹಳ ಹೊತ್ತು ಪರದೆಯನ್ನೇ ನೋಡಿದ. ಈಗ ಕೂಗಾಡುತ್ತಾನೆ, ನನ್ನನ್ನು ಹೊರಗೆ ಹಾಕುತ್ತಾನೆ, ಸಂಬಂಧ ಮುರಿಯಿತು, ಸುಜಾತಾ ನನ್ನನ್ನು ಮನೆಯೊಳಗೆ ಬಿಡುವುದಿಲ್ಲ ಎಂದುಕೊಂಡೆ. ಅವನು ನನ್ನ ಕಡೆ ತಿರುಗಿ ಕೇಳಿದ: "ಸರ್, ನಿಮ್ಮ ಕೈ ಯಾಕ ನಡಗಾಕತ್ತಾವ? ಚಹಾನೂ ಕುಡದಿಲ್ಲ. ಅವ್ವಾ, ಸರ್‌ಗೆ ಬಿಸಿ ಚಹಾ ಮಾಡು."

ಆಮೇಲೆ ಹಿಡಿಕೆ ತೆಗೆದುಕೊಂಡು ಸವಾರನನ್ನು ಬೆಳ್ಳಿ ಬಿದ್ದ ಜಾಗಕ್ಕೆ ನಡೆಸಿದ. ಟೊಪ್ಪಿಗೆ ತೆಗೆಸಿದ. ಸುಮ್ಮನೆ ನಿಲ್ಲಿಸಿದ. ಪರದೆಯೊಳಗೆ ಗಾಳಿ ಬೀಸಿ ಹುಲ್ಲು ಅಲುಗಿತು. ನಾವು ಮೂವರೂ ನೋಡುತ್ತ ಕೂತೆವು. ಇಲ್ಲದ ಕುದುರೆಗೂ ಹೀಗೆ ಮರುಗುವವನು ನಮ್ಮ ಹುಡುಗಿಯ ಕಣ್ಣಲ್ಲಿ ನೀರು ತರಿಸುವನೇ? ಈ ತೀರ್ಮಾನಕ್ಕೆ ಬರಲು ನನಗೆ ಒಂದು ಕಪ್ ಚಹಾ ಸಾಲಲಿಲ್ಲ. ಒಂದು ಕುದುರೆ ಬೇಕಾಯಿತು.

ಸಂಜೆ ಸಿಂಧನೂರಿನ ಬಸ್ಸು ಹತ್ತಿದೆ. ಮಸ್ಕಿಯಲ್ಲಿ ಇಳಿದು ಮಾವನವರಿಗೆ ವರದಿ ಒಪ್ಪಿಸಬೇಕಿತ್ತು. ಕಿಟಕಿಯಾಚೆ ಜೋಳದ ಹೊಲ, ಕುರಿಹಿಂಡು, ಧೂಳು. ಮಸ್ಕಿ ಹತ್ತಿರ ಬರುತ್ತಿದ್ದಂತೆ ಗುಡ್ಡದ ಬಂಡೆಗಳ ಮೇಲೆ ಸಂಜೆಬಿಸಿಲು ಬಿದ್ದು ಇಡೀ ಗುಡ್ಡ ಕೆಂಡದಂತೆ ಉರಿಯುತ್ತಿತ್ತು. ಎಷ್ಟೋ ವರ್ಷ ಈ ದಾರಿಯಲ್ಲಿ ತೂಕಡಿಸುತ್ತಲೇ ಓಡಾಡಿದ್ದೇನೆ; ಈ ಗುಡ್ಡವನ್ನು ಯಾವತ್ತೂ ಕಂಡಿರಲಿಲ್ಲ! ಒಂದೊಂದು ಹುಲ್ಲಿನ ಕಡ್ಡೀನೂ, ಎಂದುಕೊಳ್ಳುತ್ತ ಬಾಯಿ ತೆರೆದು ನೋಡುತ್ತಿದ್ದೆ. ಆ ನೋಟದಲ್ಲೇ ಬಸ್ಸು ನಿಲ್ದಾಣಕ್ಕೆ ಬಂತು, ನಿಂತಿತು, ಹೊರಟಿತು. ಕೆಳಗೆ ಬಿಳಿ ಧೋತರದ ಹಿರಿಯರೊಬ್ಬರು ಕೈಬೀಸುತ್ತ ಬಸ್ಸಿನ ಹಿಂದೆ ಓಡುತ್ತಿದ್ದರು. ಎಷ್ಟು ಸಹಜವಾಗಿ ಓಡುತ್ತಿದ್ದಾರೆ ಎಂದು ಮೆಚ್ಚಿಕೊಂಡೆ.

ಅವರು ನಮ್ಮ ಮಾವನವರು.

ಸಿಂಧನೂರು ಮುಟ್ಟಿದಾಗ ಸುಜಾತಾ ಬಾಗಿಲಲ್ಲೇ ನಿಂತಿದ್ದಳು. ನಾನು ಗಂಟಲು ಸರಿಪಡಿಸಿಕೊಂಡು, "ಹುಡುಗ ಬಂಗಾರದಂಥಾವ. ನಾ ಪೂರಾ ತೂಗಿ ನೋಡೀನಿ" ಎಂದೆ.

"ಗೊತ್ತೈತಿ. ಶಾಂತಮ್ಮಾರು ಅಪ್ಪಗ ಫೋನು ಮಾಡಿದ್ರಂತ. ಮಾತು ಮುಗದೈತಿ, ಮದುವಿ ಗಟ್ಟಿ ಆತು. ಅವರು ಕೇಳಿದ್ದು ಒಂದ ಶರತ್ತು."

"ಏನಂತ?"

"ಮೆರವಣಿಗ್ಯಾಗ ಮಗ ಕುದುರಿ ಮ್ಯಾಲ ಬರ್ತಾನಂತ. ಆ ಕುದುರಿ ಹತ್ರ ನಿಮ್ಮನ್ನ ಬಿಡಬಾರದಂತ!"

ಶರತ್ತು ಚಾಚೂ ತಪ್ಪದೆ ಪಾಲನೆಯಾಯಿತು. ಮದುವೆಯ ದಿನ ಎಲ್ಲರೂ ಬಾಜಾಬಜಂತ್ರಿಯೊಂದಿಗೆ ಕುದುರೆಯ ಮುಂದೆ ಕುಣಿಯುತ್ತಿದ್ದಾಗ, ಹೆಣ್ಣಿನ ಕಡೆಯ ಹಿರಿಯ ಅಳಿಯನಾದ ನನ್ನನ್ನು ಅಡುಗೆಯವರ ಪಕ್ಕದಲ್ಲಿ ನೀರು ಬಡಿಸಲು ನಿಲ್ಲಿಸಿದ್ದರು. ಕೈಗೆ ಕೊಟ್ಟದ್ದು ಒಂದು ಸ್ಟೀಲಿನ ಜಗ್ಗು. ಅದರಲ್ಲಿ ಒತ್ತಲು ಯಾವ ಗುಂಡಿಯೂ ಇರಲಿಲ್ಲ. ಆದರೂ ಮೊದಲ ಪಂಕ್ತಿಯಲ್ಲೇ ಮಾವನವರ ಮಡಿಲ ಮೇಲೆ ಸುರಿದೆ!