ಅರ್ಧ ಪಗಾರದ ಸಾವ್ಕಾರ್ತಿ

ಅರಿವೆ ಅಂಗಡಿಯಲ್ಲಿ ಬೆಳಗಿನಿಂದ ಕತ್ತಲಾಗುವವರೆಗೆ ನಿಂತೇ ದುಡಿಯುವವನ ಪಗಾರದಲ್ಲಿ ಒಂದು ಸಂಸಾರ ನಡೆಯುವುದಿಲ್ಲ. ಇದು ನಿಮಗೂ ಗೊತ್ತು, ನನಗೂ ಗೊತ್ತು. ಯರಗಟ್ಟಿಯ ರಾಮಲಿಂಗಪ್ಪ ಸಾವ್ಕಾರರ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುವ ಸುಭಾಸನಿಗೆ ಮಾತ್ರ ಗೊತ್ತಿರಲಿಲ್ಲ. ಪಗಾರ ಗೇಣುದ್ದ, ಅಭಿಮಾನ ಹದಿನಾರು ಮೊಳ.

“ಸರಕಾರ ಕೊಡೂದು ದುಡಿಯಾವನ ಪಗಾರಕ್ಕಿಂತ ಒಂದ ಪೈಸಾನೂ ಹೆಚ್ಚ ಆಗಬಾರದ ನೋಡ್ರಿ. ಕುಂತ ತಿಂದ್ರ ಕೈಕಾಲಿಗೆ ಜಂಗ ಹಿಡಿತೈತಿ,” ಎಂದು ಗಿರಾಕಿಗಳ ಮುಂದೆ ದಿನವೂ ಅವನ ಪ್ರವಚನ. ಗಾದಿಯ ಮೇಲೆ ಕುಳಿತ ಸಾವ್ಕಾರರು ತಲೆದೂಗುತ್ತಿದ್ದರು. (ಅವರ ಕೈಕಾಲಿನ ಜಂಗಿನ ಬಗ್ಗೆ ಯಾರೂ ಕೇಳಲಿಲ್ಲ.)

ಹಂಚಿನಿಂದಿಳಿದ ಮೊದಲ ರೊಟ್ಟಿ ದುಡಿಯುವವನಿಗೆ ಎಂಬುದು ಸುಭಾಸನ ಮನೆಯ ರಾಜಶಾಸನ. ಒಂದು ದಿನ ಆ ರೊಟ್ಟಿ ಅವನ ತಾಯಿ ಗುರುಬಸವ್ವನ ತಾಟಿಗೆ ಬಿತ್ತು.

“ಏನಿದು?”

“ಲೆಕ್ಕಾ ಹಾಕೇನ್ರಿ,” ಎಂದಳು ಹೆಂಡತಿ ರಾಜೇಶ್ವರಿ, ರೊಟ್ಟಿ ಬಡಿಯುತ್ತಲೇ. “ಅತ್ತಿ ಗೃಹಲಕ್ಷ್ಮಿ ರೊಕ್ಕ, ಪಿಂಚಣಿ, ರೇಶನ್ ಅಕ್ಕಿ, ಪುಕ್ಕಟ ಕರೆಂಟು, ನಾ ಹೊಲಿಗಿ ಕಲಿಯಾಕ ಹೋಗೂವಾಗ ಉಳಿಯೂ ಬಸ್ಸಿನ ಚಾರ್ಜು. ಎಲ್ಲಾ ಕೂಡಿದ್ರ ನಿಮ್ಮ ಪಗಾರ ದಾಟತೈತಿ.”

“ಸರಕಾರದ ರೊಕ್ಕ ದುಡಿಮಿ ಏನ?”

“ಹುಟ್ಟಿದಾಗಿಂದ ಮಂದಿ ಹೊಲದಾಗ ಕಸಾ ತಗದೇನೋ,” ಎಂದು ಗುರುಬಸವ್ವ ರೊಟ್ಟಿ ಮುರಿದಳು. “ಆಗ ಸರಿಯಾಗಿ ಕೂಲಿ ಕೊಟ್ಟಾಂವ ಯಾಂವ? ಸುಮ್ಮ ಎರಡನೇದ್ದ ತಿನ್ನು.”

ಸುಭಾಸ ತಾಟು ಸರಿಸಿದ. ನಾಳೆಯೇ ಪಗಾರ ಹೆಚ್ಚಿಸಿಕೊಂಡು ಬರುವುದಾಗಿ ಭೀಷ್ಮಪ್ರತಿಜ್ಞೆ ಮಾಡಿದ. (ಮಾಡಿದ ಮೇಲೆ ಎರಡನೆಯದನ್ನೂ ಮೂರನೆಯದನ್ನೂ ತಿಂದ.)

ಮರುದಿನ ಅವನು ಕೇಳಿದಾಗ ಸಾವ್ಕಾರರು ಚಹಾ ತರಿಸಿದರು. “ಹೆಚ್ಚ ಯಾಕೋ ತಮ್ಮಾ? ನಿಮ್ಮವ್ವಗ ರೊಕ್ಕ ಬರತೈತಿ, ಅಕ್ಕಿ ಬರತೈತಿ, ಬಸ್ಸು ಪುಕ್ಕಟ. ನಿನ್ನ ಮನಿನೂ ನಡೀತೈತಿ, ನನ್ನ ಅಂಗಡಿನೂ ನಡೀತೈತಿ.”

ಸುಭಾಸ ಮನೆಗೆ ಬಂದು ಇದನ್ನು ಹೇಳಿದಾಗ ಗುರುಬಸವ್ವ ಬಾಯಲ್ಲಿದ್ದ ಎಲೆಅಡಿಕೆ ಉಗುಳಿ ಬಂದಳು. “ಅಂದ್ರ ಅವನ ಆಳಿನ ಅರ್ಧಾ ಪಗಾರ ನಾ ಕೊಡಾಕತ್ತೇನಿ! ಹಂಗಾದ್ರ ಅರ್ಧಾ ಗಾದಿ ನಂದು.”

ಬೆಳಗಾದದ್ದೇ ತಡ, ಅತ್ತೆ ಸೊಸೆ ಪುಕ್ಕಟೆ ಬಸ್ಸಿನಲ್ಲಿ ಯರಗಟ್ಟಿಗೆ ಬಂದಿಳಿದರು. ಗುರುಬಸವ್ವ ಚಪ್ಪಲಿ ಕಳಚಿ ನೆಟ್ಟಗೆ ಗಾದಿ ಏರಿ, ಸಾವ್ಕಾರರ ಪಕ್ಕದ ಲೋಡಿಗೆ ಒರಗಿದಳು.

“ಏ ಯವ್ವಾ, ಇದೇನ ಇದು?”

“ಏನಿಲ್ರಿ ಪಾಲುದಾರ್ರ, ಸ್ವಲ್ಪ ಸರೀರಿ. ಅಂವಗ ಪೂರಾ ಪಗಾರ ನೀವ ಕೊಡತೇನಿ ಅನ್ರಿ, ಈಗಿಂದೀಗ ಎದ್ದು ಹೋಗತೇನಿ.” ಆಮೇಲೆ ಮಗನತ್ತ ತಿರುಗಿದಳು. “ಏನ ನೋಡ್ಕೋಂತ ನಿಂತೀ? ಮಾಲಕರ ಸೊಸಿಗೆ ಸೀರಿ ತೋರಸು!”

ದಿನಾ ಪ್ರವಚನ ಕೇಳುತ್ತಿದ್ದ ಗಿರಾಕಿಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಸುಭಾಸ ಬಿಚ್ಚಿದ, ಮಡಿಚಿದ, ಮತ್ತೆ ಬಿಚ್ಚಿದ. ರಾಜೇಶ್ವರಿಗೆ ಒಂದರ ದಡಿಯೂ ಒಪ್ಪಿಗೆಯಾಗಲಿಲ್ಲ. ಅವನ ನಡು ಮುರಿಯಿತು, ಮರ್ಯಾದೆ ಮೂರು ಕಾಸಾಯಿತು. ಆದರೂ ಆ ಗಾದಿಯತ್ತ ನೋಡಿದಾಗಲೆಲ್ಲ, ಯಾಕೋ, ಎದೆ ಮಾತ್ರ ಉಬ್ಬುತ್ತಿತ್ತು.

ಮಧ್ಯಾಹ್ನಕ್ಕೆ ಸಾವ್ಕಾರರು ಸೋತರು. “ಹೆಚ್ಚ ಮಾಡತೇನಿ, ಏಳ ಯವ್ವಾ.”

“ಎಷ್ಟ? ಬಾಯಿಬಿಟ್ಟ ಹೇಳ್ರಿ.”

ಸಾವ್ಕಾರರು ಇನ್ನೂ ಬಾಯಿ ಬಿಟ್ಟಿಲ್ಲ. ನೀವಾದರೂ ಬಿಡಿ. ಮುದುಕಿಯ ಖಾತೆಗೆ ಬಿದ್ದ ರೊಕ್ಕವನ್ನು ಎಣಿಸುವ ಮೊದಲು, ನಿಮ್ಮ ಅಂಗಡಿಯಲ್ಲಿ, ಹೊಲದಲ್ಲಿ, ಮನೆಯಲ್ಲಿ ದುಡಿಯುವವರಿಗೆ ನೀವು ಎಷ್ಟು ಕೊಡುತ್ತೀರಿ, ಹೇಳಿ.