ಮಾವನ ಶಿಳ್ಳೆಯ ಕೇಸು

ನಮ್ಮ ಮಾವನಿಗೆ ಘೋರ ಅನ್ಯಾಯವಾಗಿದೆ. ಇದನ್ನು ನಾನು ಹೇಳಬೇಕಾಗಿಲ್ಲ. ಅಜ್ಜಂಪುರದಿಂದ ತರೀಕೆರೆಗೆ ಹೋಗುವ ಯಾವ ಬಸ್ಸು ಹತ್ತಿದರೂ ಪಕ್ಕದ ಸೀಟಿನವರೇ ಹೇಳುತ್ತಾರೆ. ಅಷ್ಟು ಜನಕ್ಕೆ ಮಾವ ಬಾಯಿ ತೆರೆದು ತೋರಿಸಿಯಾಗಿದೆ!

ಮಾವ ಎಂದರೆ ನಮ್ಮಮ್ಮನ ತಮ್ಮ. ಅದೇ ದಾರಿಯ ಬಸ್ಸಿನಲ್ಲಿ ಕಂಡಕ್ಟರಾಗಿದ್ದು ರಿಟೈರಾದವರು. ಉಳಿದ ಕಂಡಕ್ಟರುಗಳು ಪೀಪಿ ಊದಿದರೆ ಇವರದು ಬಾಯಿ ಶಿಳ್ಳೆ. ಒಮ್ಮೆ ಹೊಡೆದರೆ ಬಸ್ಸಿನ ಜೊತೆಗೆ ಹಿಂದೆ ಬರುತ್ತಿದ್ದ ಟ್ರ್ಯಾಕ್ಟರೂ ನಿಲ್ಲುತ್ತಿತ್ತು! ಹಲ್ಲುಗಳು ಉದುರಿದಾಗ ಶಿಳ್ಳೆಯೂ ಹೋಯಿತು. ಕಟ್ಟಿಸಿಕೊಂಡರೆ ಎರಡೂ ಒಟ್ಟಿಗೆ ವಾಪಸು ಬರುತ್ತವೆಂದು ಮಾವ ನಂಬಿದ್ದರು.

ತರೀಕೆರೆಯ ಡಾಕ್ಟರೊಬ್ಬರು ಹಲ್ಲಿನ ಸೆಟ್ ಕೂರಿಸಿ ಕನ್ನಡಿ ಹಿಡಿದರೆ ಮಾವ ಅತ್ತ ನೋಡಲೇ ಇಲ್ಲ. ಕೂತಲ್ಲೇ ಶಿಳ್ಳೆ ಹೊಡೆದರು. ಪುಸ್!

“ಏನ್ ಡಾಕ್ಟ್ರೇ, ಪಂಚರ್ ಆಗಿರೋ ಹಲ್ಲು ಕೊಟ್ಟಿದೀರಲ್ಲ?”

“ಯಜಮಾನ್ರೇ, ಹಲ್ಲಿರೋದು ಊಟ ಮಾಡಕ್ಕೆ ಕಣ್ರೀ.”

“ಊಟ ಬೊಚ್ಚುಬಾಯಲ್ಲೂ ಮಾಡ್ತಿದ್ದೆ!”

ಡಾಕ್ಟರು ಉಜ್ಜಿದರು, ತಿದ್ದಿದರು, ಮತ್ತೆ ಕೂರಿಸಿದರು. ಮತ್ತೆ ಪುಸ್! “ಕೋರ್ಟಲ್ಲಿ ನೋಡ್ಕತೀನಿ” ಎಂದು ಮಾವ ಎದ್ದು ಬಂದರು.

ನಾನು ಕಡೂರಿನಲ್ಲಿರುವುದರಿಂದ ಅಲ್ಲಿನ ವಕೀಲರ ಬಳಿಗೆ ಅವರನ್ನು ಕರೆದೊಯ್ಯುವ ಭಾಗ್ಯ ನನ್ನದಾಯಿತು. ಸಾಕ್ಷಿ ಏನಿದೆ ಎಂದು ವಕೀಲರು ಕೇಳಿದ್ದೇ ತಡ, ಮಾವ ಸೆಟ್ ಕಳಚಿ ಮೇಜಿನ ಮೇಲಿಟ್ಟು ವಾದ ಶುರು ಮಾಡಿದರು. ಒಂದಕ್ಷರ ತಿಳಿಯಬೇಕಲ್ಲ! ಹಾಕಿಕೊಂಡರೆ ಮಾತು ಬಂತು, ಸಾಕ್ಷಿ ಬಾಯೊಳಗೆ ಹೋಯಿತು. ಮತ್ತೆ ತೆಗೆದರು, ಮತ್ತೆ ಹಾಕಿದರು. ಪಾಪ, ವಕೀಲರು ಆ ಹೊತ್ತಿಗೆ ತಿಂಡಿಯ ತಟ್ಟೆಯನ್ನು ದೂರ ಸರಿಸಿದ್ದರು.

“ಕೇಸ್ ಹಾಕಣ. ಆದ್ರೆ ರಿಟೈರಾದ್ಮೇಲೂ ನಿಮಗೆ ಶಿಳ್ಳೆ ಯಾಕೆ ಬೇಕು ಅಂತ ಜಡ್ಜು ಕೇಳ್ತಾರೆ. ಏನ್ ಹೇಳ್ತೀರ?” ಎಂದರು ವಕೀಲರು.

ಮಾವ ಬಾಯಲ್ಲಿದ್ದ ಸೆಟ್ಟನ್ನು ಸರಿಮಾಡಿಕೊಂಡರು. “ಯೋಚ್ನೆ ಮಾಡಿ ಹೇಳ್ತೀನಿ” ಎಂದು ಎದ್ದುಬಿಟ್ಟರು. ನನಗೆ ದಿಗಿಲಾಗಿ ಅಜ್ಜಂಪುರದವರೆಗೂ ಜೊತೆಗೆ ಹೋದೆ. ದಾರಿಯುದ್ದಕ್ಕೂ ಅವರು ಯಾರಿಗೂ ಬಾಯಿ ತೆರೆದು ತೋರಿಸಲಿಲ್ಲ.

ಮನೆಯ ಗೇಟಿನ ಬಳಿ ಬೀಗದ ಕೈ ಹಿಡಿದು ನಿಂತ ಮಾವ, ತುಟಿ ಮುಂದೆ ಮಾಡಿ ಊದಿದರು. ಪುಸ್.

“ಸಂಜೆ ಟ್ರಿಪ್ಪಲ್ಲಿ ನಮ್ ಬಸ್ಸು ಈ ತಿರುವಿಗೆ ಬಂದಾಗ ಒಂದ್ ಶಿಳ್ಳೆ ಹೊಡೀತಿದ್ದೆ ಕಣೋ. ನಿಮ್ಮತ್ತೆ ಕಾಫಿಗೆ ನೀರಿಡೋಳು. ಅವಳು ತೀರ್ಕೊಂಡ್ಮೇಲೂ ನಾನು ಬಿಡ್ಲಿಲ್ಲ. ಇಲ್ಲಿ ನಿಂತು ಶಿಳ್ಳೆ ಹೊಡೆದೇ ಬೀಗ ತೆಗೀತಿದ್ದೆ. ಈಗ ಕಳ್ಳನ ಥರ ಒಳಗೋಗ್ಬೇಕು. ಇದನ್ನ ಜಡ್ಜ್ ಮುಂದೆ ಹೇಳಕ್ಕಾಗುತ್ತೇನೋ? ಕೇಸ್ ಬೇಡ ಬಿಡು.”

ನನಗೆ ಏನಾದರೂ ಮಾಡಬೇಕೆನಿಸಿತು.

“ನಾನು ಹೊಡೀಲಾ, ಮಾವ?”

ಮಾವ ನನ್ನ ಮುಖ ನೋಡಿದರು. ನಕ್ಕರು ಕೂಡ.

“ನಿಂದು ಅವಳಿಗೆ ಗುರ್ತು ಸಿಗಲ್ಲ ಕಣೋ” ಎಂದು ಬೀಗ ತೆಗೆದರು.